ಕೆಂಪು ದಾಳ, ಬಿಳಿ ದಾಳ

ಕಳೆದ ಮಳೆಗಾಲದಲ್ಲಿ ಬದಿಯಡ್ಕದ ನಮ್ಮ ಮನೆಯಲ್ಲಿ ಎರಡು ದಿನ ಕರೆಂಟಿರಲಿಲ್ಲ. ಕನ್ನಡ ಮೀಡಿಯಂನಲ್ಲಿ ಹತ್ತನೇ ಕ್ಲಾಸು ಓದುವ ಅಕ್ಕನ ಮಗಳು ಲೆಕ್ಕದ ಪುಸ್ತಕ ಹಿಡಿದು ಬಂದಳು. "ಮಾವ, ಎರಡು ದಾಳ ಹಾಕಿದರೆ ಮೊತ್ತ 7 ಬರುವ ಸಾಧ್ಯತೆ ಎಷ್ಟು?"

ಮೊತ್ತ 2ರಿಂದ 12ರವರೆಗೆ, ಅಂದರೆ 11 ಬಗೆ, ಹಾಗಾಗಿ 1/11 ಅಂತ ಧೈರ್ಯವಾಗಿ ಹೇಳಿಬಿಟ್ಟೆ. ಪುಸ್ತಕದ ಉತ್ತರ 1/6. ಸರಿ, ಜೋಡಿಗಳನ್ನೇ ಬರೆಯೋಣ ಅಂತ ಕೂತೆ: 1-6, 2-5, 3-4, ಮೂರೇ. ಒಟ್ಟು ಜೋಡಿ 21. ಈಗ 1/7 ಬಂತು. ಮತ್ತೆ ತಪ್ಪು!

ನಮ್ಮ ಲೂಡೋ ಡಬ್ಬಿಯ ಎರಡೂ ದಾಳ ಬಿಳಿ, ಎಡವಟ್ಟಾದದ್ದು ಅಲ್ಲೇ. ಒಂದಕ್ಕೆ ಅವಳ ಕೆಂಪು ನೈಲ್ ಪಾಲಿಶ್ ಬಳಿದೆವು. ಈಗ ಕೆಂಪು 3 ಬಿಳಿ 4 ಬೇರೆ, ಕೆಂಪು 4 ಬಿಳಿ 3 ಬೇರೆ. 3-3ರಂಥ ಒಂದೇ ಅಂಕೆಯ ಜೋಡಿ ಮಾತ್ರ ಒಂದೇ ಸಲ. "ಬಣ್ಣ ಹಚ್ಚಿದರೆ ದಾಳ ಬೇರೆ ಥರ ಬೀಳ್ತದಾ?" ಅಂತ ಅಕ್ಕ ನಕ್ಕಳು. ಇಲ್ಲ, ಮೊದಲೂ ಅವು ಎರಡು ದಾಳವೇ, ನಮಗೆ ಗುರುತು ಸಿಗುತ್ತಿರಲಿಲ್ಲ ಅಷ್ಟೆ.

ಜಗಲಿಯಲ್ಲಿ ಸೀಮೆಸುಣ್ಣದಿಂದ ಕೆಂಪು ದಾಳಕ್ಕೆ 6 ಅಡ್ಡಸಾಲು, ಬಿಳಿಗೆ 6 ಕಂಬಸಾಲಿನ ಚೌಕ ಎಳೆದು ಪ್ರತಿ ಮನೆಯಲ್ಲೂ ಮೊತ್ತ ಬರೆದೆವು. ಒಟ್ಟು 36 ಮನೆ. 7 ಮೂಲೆಯಿಂದ ಮೂಲೆಗೆ ಓರೆಯಾಗಿ 6 ಮನೆಯಲ್ಲಿ ಕೂತಿತ್ತು, 6/36, ಅದೇ 1/6. 2ಕ್ಕೆ ಒಂದೇ ಮನೆ, 3ಕ್ಕೆ ಎರಡು, ಹೀಗೆ 7ರವರೆಗೆ ಏರಿ 12ಕ್ಕೆ ಬರುವಾಗ ಮತ್ತೆ ಒಂದಕ್ಕೆ ಇಳಿಯುತ್ತದೆ.

ನಂಬಿಕೆ ಬರಲಿ ಅಂತ 72 ಸಲ ಹಾಕಿದೆವು. ಪ್ರತಿ ಸಲವೂ ಆ ಮೊತ್ತದ ಮುಂದೆ ಚೆನ್ನೆಮಣೆ ಆಟದ ಒಂದು ಮಂಜೊಟ್ಟಿ ಬೀಜ. ಲೆಕ್ಕದ ಪ್ರಕಾರ 7ಕ್ಕೆ 12 ಬರಬೇಕಿತ್ತು, ಬಂದದ್ದು 14. 12ಕ್ಕೆ ಎರಡು ಬರಬೇಕಿತ್ತು, ಒಂದೂ ಇಲ್ಲ. ಇಷ್ಟು ಸಲಕ್ಕೆ ಇಷ್ಟು ಏರುಪೇರು ಇರುವುದೇ, ಆದರೆ ನಡುವೆ ಗುಡ್ಡ, ಎರಡು ಬದಿ ಇಳಿಜಾರು ಚೆನ್ನಾಗಿ ಕಾಣುತ್ತಿತ್ತು.

ಈ ಗೊಂದಲ ಹಳೆಯದೇ. ಮೂರು ದಾಳದಲ್ಲಿ 9 ಮತ್ತು 10 ಎರಡನ್ನೂ ಆರಾರು ಬಗೆಯಲ್ಲಿ ಕೂಡಿಸಬಹುದು, ಆದರೂ 10 ಯಾಕೆ ಜಾಸ್ತಿ ಬೀಳುತ್ತದೆ ಅನ್ನುವುದನ್ನು 17ನೇ ಶತಮಾನದಲ್ಲಿ ಗೆಲಿಲಿಯೋ ಬಿಡಿಸಿದ್ದ. ಮೂರು ದಾಳವನ್ನೂ ಬೇರೆಬೇರೆಯಾಗಿ ಎಣಿಸಿದರೆ ಒಟ್ಟು 6×6×6, ಅಂದರೆ 216ರಲ್ಲಿ 9ಕ್ಕೆ 25, 10ಕ್ಕೆ 27.

ಕೊನೆಗೆ ಇನ್ನೊಂದು ಪ್ರಶ್ನೆ: ಕನಿಷ್ಠ ಒಂದು ದಾಳದಲ್ಲಾದರೂ 6 ಬರುವ ಸಾಧ್ಯತೆ? ಕೆಂಪಿನಲ್ಲಿ 6 ಬರುವ ಮನೆ ಆರು, ಬಿಳಿಯಲ್ಲಿ ಬರುವುದು ಆರು, ಒಟ್ಟು 12 ಅಂದೆ. "6-6ನ್ನು ಎರಡು ಸಲ ಎಣಿಸಿದ್ರಿ, ಮಾವ" ಅಂದಳು. ಅವಳು ಚೌಕ ನೋಡಲೇ ಇಲ್ಲ. 6 ಬಾರದ ಮನೆ 5×5, ಅಂದರೆ 25. 36ರಲ್ಲಿ ಅದನ್ನು ಕಳೆದರೆ 11. ನಾನು ಸುಮ್ನೆ ಬೆರಳಿಟ್ಟು ಒಂದೊಂದೇ ಮನೆ ಎಣಿಸಿದೆ. ಹನ್ನೊಂದೇ.