ಏಳನೇ ತಿರುವಿನಲ್ಲಿ ಸೋಲುವ ಸ್ಕೂಟರ್‌ಗೆ ಬಲ ತುಂಬುವುದು ಹೇಗೆ

ನನ್ನ ತಂಗಿಯನ್ನು ಕೊಟ್ಟಿರುವುದು ಸೋಮೇಶ್ವರಕ್ಕೆ. ಆಗುಂಬೆ ಘಾಟಿಯ ಬುಡದ ಊರು. ಅಲ್ಲಿಂದ ತವರಿಗೆ, ಅಂದರೆ ತೀರ್ಥಹಳ್ಳಿಗೆ, ಬರಬೇಕಾದರೆ 14 ತಿರುವು ಹತ್ತಲೇಬೇಕು. ಅವಳ ಗಾಡಿ 2014ರ ಆಕ್ಟಿವಾ. ಹಿಂದೆ ಭಾವ ಕೂರುತ್ತಾರೆ, ಕಾಲಿನ ಹತ್ತಿರ ತೆಂಗಿನಕಾಯಿ ಚೀಲ ಇರುತ್ತದೆ. ಹೋದ ವರ್ಷ ದೀಪಾವಳಿಗೆ ಬಂದವಳು ಹೆಲ್ಮೆಟ್ ತೆಗೆಯುವ ಮೊದಲೇ ಶುರು ಮಾಡಿದಳು. "ಅಣ್ಣಾ, ಏಳನೇ ತಿರುವಿಗೆ ಬಂದ್ರೆ ಗಾಡಿ ಸತ್ತೇ ಹೋಗ್ತದೆ. ಇವರು ಇಳಿದು ನಡೀಬೇಕು. ಇಂಜಿನ್ ದೊಡ್ಡದು ಮಾಡಿಸಿಕೊಡು ನೀನು."

ನನ್ನ ಶೆಡ್‌ಗೆ ಬರುವ ಹತ್ತು ಜನರಲ್ಲಿ ನಾಲ್ಕು ಜನ ಕೇಳುವುದೂ ಇದನ್ನೇ. ಬೋರ್ ಮಾಡಿಸಿ (ಸಿಲಿಂಡರ್ ಕೊರೆದು ಅಗಲ ಮಾಡಿಸಿ), ದೊಡ್ಡ ಪಿಸ್ಟನ್ ಹಾಕಿ, ಪಿಕಪ್ ಜಾಸ್ತಿ ಮಾಡಿ. ಅವರಿಗೆ ಹೇಳುವುದನ್ನೇ ಇಲ್ಲಿ ಪೂರ್ತಿಯಾಗಿ ಬರೆಯುತ್ತೇನೆ.

ಮೊದಲು ಒಂದು ಸಣ್ಣ ಲೆಕ್ಕ. ಕಾರ್ಬ್ಯುರೇಟರ್ ಇರುವ 110 ಆಕ್ಟಿವಾದ ಬೋರ್, ಅಂದರೆ ಸಿಲಿಂಡರಿನ ಅಗಲ, 50 ಮಿಲಿಮೀಟರ್. ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ಉದ್ದ, 55.6 ಮಿಲಿಮೀಟರ್. ಎರಡೂ ಸೇರಿದರೆ ಸಿಲಿಂಡರ್ ಒಳಗಿನ ಜಾಗ 109 ಸಿಸಿ. ಬೋರನ್ನು 52ಕ್ಕೆ ಒಯ್ದರೂ ಸಿಗುವುದು 118 ಸಿಸಿ. ಅರ್ಧ ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್ ಹಾಕಿದರೆ ಬರೀ ಎರಡು ಸಿಸಿ ಹೆಚ್ಚುತ್ತದೆ. ಈ ಇಂಜಿನ್ ಹೆಚ್ಚೆಂದರೆ 8 ಬಿಎಚ್‌ಪಿ (ಇಂಜಿನ್ ಬಲದ ಅಳತೆ) ಕೊಡುತ್ತದೆ. 118 ಸಿಸಿ ಮಾಡಿದರೆ ಎಲ್ಲ ಸರಿಹೋದ ಮೇಲೂ ಸೇರುವುದು ಮುಕ್ಕಾಲು ಬಿಎಚ್‌ಪಿಗಿಂತ ಕಡಿಮೆ.

ಈಗ ಇನ್ನೊಂದು ಕಡೆ ನೋಡಿ. ಆ 8 ಬಿಎಚ್‌ಪಿ ಸಿಗುವುದು ಇಂಜಿನ್ ನಿಮಿಷಕ್ಕೆ ಸುಮಾರು 7,500 ಸುತ್ತು ತಿರುಗುವಾಗ. ಏರಿನಲ್ಲಿ ಅದು 4,000ಕ್ಕೆ ಕುಸಿದರೆ ಅದೇ ಇಂಜಿನ್ ಕೊಡುವುದು 5 ಬಿಎಚ್‌ಪಿಯೂ ಇಲ್ಲ. ಅಂದರೆ ಸುಮಾರು 3 ಬಿಎಚ್‌ಪಿ ಆಗಲೇ ಗಾಡಿಯೊಳಗೆ ಇದೆ, ಚಕ್ರಕ್ಕೆ ತಲುಪುತ್ತಿಲ್ಲ. ಅದನ್ನು ತಡೆದಿಟ್ಟಿರುವುದು ಸಿಲಿಂಡರ್ ಅಲ್ಲ. ಎಡಗಡೆ ಕವರ್ ಒಳಗಿನ ಬೆಲ್ಟ್ ಮನೆ. ಜುಪಿಟರ್, ಆಕ್ಸೆಸ್, ಡಿಯೋ, ಯಾವುದೇ ಗೇರ್ ಇಲ್ಲದ ಸ್ಕೂಟರ್ ಇರಲಿ, ಇದೇ ಕಥೆ.

ಕವರ್ ಬಿಚ್ಚುವ ಮೊದಲು

ಈಗಿರುವ ಬಲ ಎಷ್ಟು ಅಂತ ಅಳೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಕೆಲಸ ಆದ ಮೇಲೆ "ಏನೋ ಚೆನ್ನಾಗಾಗಿದೆ ಅನ್ನಿಸುತ್ತೆ" ಅನ್ನುವುದಷ್ಟೇ ಉಳಿಯುತ್ತದೆ. ವಾಹನ ಕಡಿಮೆ ಇರುವ ಒಂದು ಏರು ಆರಿಸಿ. ಎರಡು ಕಿಲೋಮೀಟರ್ ಕಲ್ಲುಗಳ ನಡುವೆ ಎಷ್ಟು ಸೆಕೆಂಡ್ ಹಿಡಿಯುತ್ತದೆ ಅಂತ ಹಿಂದೆ ಕೂತವರು ಫೋನಿನಲ್ಲಿ ನೋಡಲಿ. ಮೂರು ಸಲ ಮಾಡಿ. ಅದೇ ಜನ, ಅದೇ ಹೊತ್ತು, ಟೈರಿನಲ್ಲಿ ಅದೇ ಗಾಳಿ. ಪ್ಲಗ್ ವೈರಿಗೆ ಸುತ್ತುವ ಸಣ್ಣ ಆರ್‌ಪಿಎಂ ಮೀಟರ್ ಸಿಗುತ್ತದೆ, ಬೆಲೆಯೂ ಜಾಸ್ತಿ ಇಲ್ಲ. ಅದೊಂದಿದ್ದರೆ ಅರ್ಧ ಕೆಲಸ ಆದ ಹಾಗೆ.

ಆಮೇಲೆ ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿ. ಬ್ರೇಕ್ ಶೂ ಉಜ್ಜುವ ಸದ್ದು ಬಂದರೆ ಮೊದಲು ಅದನ್ನು ಸರಿ ಮಾಡಿ. ತಂಗಿ ಗಾಡಿಯಲ್ಲಿ ಬ್ರೇಕ್ ಕೇಬಲ್ ಎಷ್ಟು ಬಿಗಿ ಇತ್ತೆಂದರೆ, ಹತ್ತು ಕಿಲೋಮೀಟರ್ ಓಡಿಸಿದ ಮೇಲೆ ಡ್ರಮ್ ಮುಟ್ಟಲು ಆಗುತ್ತಿರಲಿಲ್ಲ. ಆರು ತಿಂಗಳಿಂದ ಅವಳು ಬ್ರೇಕ್ ಹಿಡಿದುಕೊಂಡೇ ಘಾಟಿ ಹತ್ತುತ್ತಿದ್ದಳು!

ಬೆಲ್ಟ್ ಮನೆಯೊಳಗೆ

ನಾನು ಈ ಕೆಲಸ ಕಲಿತದ್ದು ಹಳೆಯ ಕೈನೆಟಿಕ್ ಹೋಂಡಾದಲ್ಲಿ. 98 ಸಿಸಿ, ಟೂ ಸ್ಟ್ರೋಕ್. ಇಂಜಿನ್ ಬೇರೆ, ಆದರೆ ಬೆಲ್ಟಿನ ವ್ಯವಸ್ಥೆ ಇವತ್ತಿಗೂ ಅದೇ. ಮುಂದಿನ ಪುಲ್ಲಿಯೊಳಗೆ ಆರು ರೋಲರ್ ಕೂತಿರುತ್ತವೆ. ಇಂಜಿನ್ ಜೋರಾಗಿ ತಿರುಗಿದ ಹಾಗೆ ಅವು ಹೊರಕ್ಕೆ ಓಡಿ ಪುಲ್ಲಿಯ ತಟ್ಟೆಯನ್ನು ಒತ್ತುತ್ತವೆ. ಬೆಲ್ಟ್ ಮೇಲೆ ಹತ್ತುತ್ತದೆ, ಹಿಂದಿನ ಪುಲ್ಲಿಯಲ್ಲಿ ಕೆಳಗೆ ಇಳಿಯುತ್ತದೆ. ಬೈಕಿನಲ್ಲಿ ಫಸ್ಟ್‌ನಿಂದ ಟಾಪ್‌ಗೆ ಹೋದ ಹಾಗೆ. ಏರು ಬಂದಾಗ ಬೆಲ್ಟ್ ವಾಪಸ್ ಫಸ್ಟ್ ಕಡೆಗೆ ಬರಬೇಕು. ಬಾರದಿದ್ದರೆ ಗಾಡಿ ಸೋಲುತ್ತದೆ. ಏಳನೇ ತಿರುವಿನಲ್ಲಿ ಆಗುತ್ತಿದ್ದದ್ದು ಇಷ್ಟೇ.

ಕಿಕ್ಕರ್ ಕಾಲು ತೆಗೆದು, ಕವರಿನ ಬೋಲ್ಟ್‌ಗಳನ್ನು 8 ನಂಬರ್ ಸ್ಪ್ಯಾನರ್‌ನಲ್ಲಿ ಬಿಚ್ಚಿ. ಅವೆಲ್ಲ ಒಂದೇ ಉದ್ದ ಇರುವುದಿಲ್ಲ. ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಬೋಲ್ಟ್ ಬಿಚ್ಚಿದ ಜಾಗದಲ್ಲೇ ರಟ್ಟಿಗೆ ಚುಚ್ಚಿಡಿ. ಒಳಗೆ ಕಪ್ಪು ಪುಡಿ ತುಂಬಿರುತ್ತದೆ. ಬಾಯಿಯಿಂದ ಊದಬೇಡಿ, ಏರ್ ಕೂಡ ಹೊಡೆಯಬೇಡಿ. ಅದು ಬೆಲ್ಟ್ ಮತ್ತು ಕ್ಲಚ್ ಶೂ ಸವೆದ ಧೂಳು, ಪುಪ್ಪುಸಕ್ಕೆ ಹೋಗಬಾರದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಮುಂದಿನ ನಟ್ ಬಿಚ್ಚಲು ಫ್ಯಾನಿನ ರೆಕ್ಕೆಗೆ ಸ್ಕ್ರೂಡ್ರೈವರ್ ಸಿಕ್ಕಿಸುವ ಅಭ್ಯಾಸ ಬಹಳ ಜನರಿಗಿದೆ. ರೆಕ್ಕೆ ಮುರಿಯುತ್ತದೆ. ಪುಲ್ಲಿ ಹಿಡಿಯುವ ಟೂಲ್ ತನ್ನಿ.

ಈಗ ರೋಲರ್‌ಗಳನ್ನು ಒಂದೊಂದಾಗಿ ಅಂಗೈ ಮೇಲೆ ಉರುಳಿಸಿ. ತಂಗಿ ಗಾಡಿಯ ಆರರಲ್ಲಿ ನಾಲ್ಕು ಉರುಳಲೇ ಇಲ್ಲ. ಒಂದು ಮಗ್ಗುಲು ಸವೆದು ಚಪ್ಪಟೆಯಾಗಿತ್ತು. ಉಗುರು ಆಡಿಸಿದರೆ ಅಂಚು ತಾಗುತ್ತಿತ್ತು. ಇಂಥ ರೋಲರ್ ಹೊರಕ್ಕೆ ಹೋದರೆ ಅಲ್ಲೇ ಕಚ್ಚಿ ನಿಲ್ಲುತ್ತದೆ, ವಾಪಸ್ ಬರುವುದಿಲ್ಲ. ಬೆಲ್ಟಿನ ಅಗಲವನ್ನು ವರ್ನಿಯರ್‌ನಲ್ಲಿ ಅಳೆದು ಮ್ಯಾನ್ಯುಯಲ್‌ನಲ್ಲಿ ಕೊಟ್ಟ ಮಿತಿ ನೋಡಿ. ಹಲ್ಲಿನ ಬುಡದಲ್ಲಿ ಬಿರುಕು ಕಂಡರೆ ಅಳೆಯುವುದೂ ಬೇಡ, ಬದಲಿಸಿ.

ಹಿಂದಿನ ಪುಲ್ಲಿಯನ್ನು ಯಾರೂ ಬಿಚ್ಚುವುದಿಲ್ಲ. ಬಿಚ್ಚಲೇಬೇಕಾದ್ದು ಅದನ್ನೇ. ಅದರೊಳಗೆ ಓರೆ ಸೀಳು ಇರುತ್ತದೆ, ಸೀಳಿನೊಳಗೆ ಸಣ್ಣ ಪಿನ್ನುಗಳು. ಏರಿನಲ್ಲಿ ಚಕ್ರದ ಮೇಲೆ ಭಾರ ಬಿದ್ದಾಗ ಆ ಪಿನ್ನುಗಳು ಜಾರಿ, ಪುಲ್ಲಿಯ ಎರಡು ತಟ್ಟೆ ಹತ್ತಿರ ಬಂದು, ಬೆಲ್ಟನ್ನು ಫಸ್ಟ್ ಕಡೆಗೆ ತಳ್ಳುತ್ತವೆ. ಗ್ರೀಸ್ ಒಣಗಿದರೆ ಪಿನ್ ಜಾರುವುದಿಲ್ಲ. ತಂಗಿ ಗಾಡಿಯಲ್ಲಿ ಆ ಗ್ರೀಸ್ ಒಣಗಿದ ಗೋಂದಿನ ಹಾಗೆ ಕಂದು ಬಣ್ಣಕ್ಕೆ ತಿರುಗಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಬಿಸಿ ತಡೆಯುವ ಹೊಸ ಗ್ರೀಸ್ ಸ್ವಲ್ಪವೇ ಹಾಕಿದೆ. ಜಾಸ್ತಿ ಹಾಕಿದರೆ ಅದು ಸಿಡಿದು ಬೆಲ್ಟಿಗೆ, ಕ್ಲಚ್‌ಗೆ ಹತ್ತಿ ಜಾರಲು ಶುರುವಾಗುತ್ತದೆ. ರಬ್ಬರ್ ಸೀಲ್ ಹಳೆಯದಾಗಿದ್ದರೆ ಅದನ್ನೂ ಬದಲಿಸಿ. ಈ ಪುಲ್ಲಿ ಬಿಚ್ಚುವಾಗ ಒಳಗೆ ದೊಡ್ಡ ಸ್ಪ್ರಿಂಗ್ ಒತ್ತಿಕೊಂಡಿರುತ್ತದೆ. ಮೇಲಿನಿಂದ ಗಟ್ಟಿಯಾಗಿ ಅದುಮಿ ಹಿಡಿದೇ ನಟ್ ಬಿಡಿಸಿ, ಮುಖ ದೂರ ಇರಲಿ.

ಕ್ಲಚ್ ಶೂ ಗಾಜಿನ ಹಾಗೆ ಹೊಳೆಯುತ್ತಿದ್ದರೆ ಎಮರಿ ಪೇಪರ್‌ನಲ್ಲಿ ಆ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಅದೂ ಮಾಸ್ಕ್ ಹಾಕಿಕೊಂಡು.

ರೋಲರ್ ತೂಕ ಎಂಬ ಗೇರ್

ಇಲ್ಲಿಯವರೆಗೆ ಮಾಡಿದ್ದು ಕಳೆದುಕೊಂಡದ್ದನ್ನು ವಾಪಸ್ ತಂದದ್ದು. ಇನ್ನೂ ಎಳೆತ ಬೇಕು ಅಂದರೆ ಹಗುರ ರೋಲರ್ ಹಾಕಬಹುದು. ಹಗುರ ರೋಲರ್ ಹೊರಕ್ಕೆ ಓಡಲು ಇಂಜಿನ್ ಹೆಚ್ಚು ತಿರುಗಬೇಕು. ಹಾಗಾಗಿ ಗಾಡಿ ಸಣ್ಣ ಗೇರ್‌ನಲ್ಲೇ ಜಾಸ್ತಿ ಹೊತ್ತು ಇರುತ್ತದೆ, ಏರಿನಲ್ಲಿ ಇಂಜಿನ್ ತನ್ನ ಬಲ ಇರುವ ಕಡೆಯೇ ನಿಲ್ಲುತ್ತದೆ.

ಎಷ್ಟು ಹಗುರ? ನಿಮ್ಮ ಮಾಡೆಲ್‌ಗೆ ಬರುವ ಹೊಸ ಕಂಪನಿ ರೋಲರ್ ತಂದು ತೂಗಿ, ಅದರಿಂದ ಲೆಕ್ಕ ಹಾಕಿ. ಸವೆದದ್ದನ್ನು ತೂಗಿದರೆ ಲೆಕ್ಕ ತಪ್ಪುತ್ತದೆ. ನಾನು ಪಕ್ಕದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸುತ್ತೇನೆ. ಒಂದೊಂದು ರೋಲರ್‌ಗೆ ಒಂದು ಗ್ರಾಂ ಕಡಿಮೆ, ಮೊದಲ ಪ್ರಯತ್ನಕ್ಕೆ ಅಷ್ಟು ಸಾಕು. ಮೂರು, ನಾಲ್ಕು ಗ್ರಾಂ ಇಳಿಸಿದರೆ ಇಂಜಿನ್ ಸುಮ್ನೆ ಕಿರುಚುತ್ತದೆ, ಗಾಡಿ ಮುಂದೆ ಹೋಗುವುದಿಲ್ಲ. ಪೆಟ್ರೋಲ್ ಮಾತ್ರ ಖರ್ಚಾಗುತ್ತದೆ. ಉಡುಪಿ, ಮಣಿಪಾಲದ ಹೈವೇಯಲ್ಲೇ ಜಾಸ್ತಿ ಓಡಿಸುವವರಿಗೆ ಇದು ಬೇಡವೇ ಬೇಡ. ಬರೀ ಘಾಟಿಯವರಿಗೆ, ಕಾಫಿ ತೋಟದ ಏರಿನವರಿಗೆ, ಇಬ್ಬರು ಕೂತು ಹೋಗುವವರಿಗೆ ಸರಿ. ಗಟ್ಟಿ ಸ್ಪ್ರಿಂಗ್ ಹಾಕಿಸಿ ಅಂತ ಹೇಳುವವರೂ ಇದ್ದಾರೆ. ಅದು ಬೆಲ್ಟನ್ನು ಬೇಗ ತಿನ್ನುತ್ತದೆ. ನಾನು ಹಾಕುವುದಿಲ್ಲ.

ಒಂದು ನಟ್‌ನ ವಿಷಯ

ವಾಪಸ್ ಜೋಡಿಸುವಾಗ ಈ ಒಂದು ಮಾತನ್ನು ದಯವಿಟ್ಟು ಮರೆಯಬೇಡಿ. ಹಿಂದಿನ ಪುಲ್ಲಿಯ ತಟ್ಟೆಗಳನ್ನು ಅಗಲಿಸಿ, ಬೆಲ್ಟನ್ನು ಅದರ ಒಳಕ್ಕೆ ಆಳವಾಗಿ ಇಳಿಸಿ. ಆಗ ಮುಂದಿನ ಕಡೆ ಬೆಲ್ಟ್ ಸಡಿಲ ಆಗುತ್ತದೆ. ಹಾಗೆ ಮಾಡದೆ ಮುಂದಿನ ತಟ್ಟೆ ಇಟ್ಟು ನಟ್ ಬಿಗಿದರೆ, ತಟ್ಟೆ ಬೆಲ್ಟಿನ ಮೇಲೆ ಕೂತಿರುತ್ತದೆ, ಕ್ರ್ಯಾಂಕ್ (ಇಂಜಿನ್ ತಿರುಗಿಸುವ ದಂಡ) ಮೇಲಿನ ಬುಷ್ ಎಂಬ ಕೊಳವೆಯ ಮೇಲೆ ಅಲ್ಲ. ಬಿಗಿಯಾದ ಹಾಗೇ ಅನ್ನಿಸುತ್ತದೆ. ಇಂಜಿನ್ ಶುರು ಮಾಡಿದ ಮೇಲೆ ಬೆಲ್ಟ್ ಕೆಳಗೆ ಸರಿದು ನಟ್ ಸಡಿಲಾಗುತ್ತದೆ.

ಕೆಲಸ ಕಲಿಯುವಾಗ ನನ್ನ ಕೈಯಿಂದಲೇ ಇದು ಆಗಿದೆ. ಗಿರಾಕಿ ಇಪ್ಪತ್ತು ಕಿಲೋಮೀಟರ್ ಹೋಗಿದ್ದರು, ಅಷ್ಟೇ. ಮಳೆಗಾಲದ ಸಂಜೆ, ರಸ್ತೆ ಮಧ್ಯೆ ಗಾಡಿ ನಿಂತಿತು. ಬಿಚ್ಚಿ ನೋಡಿದರೆ ಕ್ರ್ಯಾಂಕಿನ ತುದಿಯ ಹಲ್ಲುಗಳು ಪೂರ್ತಿ ಸವೆದು ನುಣ್ಣಗಾಗಿದ್ದವು. ಕ್ರ್ಯಾಂಕ್ ಬದಲಿಸಬೇಕೆಂದರೆ ಇಂಜಿನ್ ಇಡೀ ಬಿಚ್ಚಬೇಕು. ಆ ಹೆಂಗಸು ನನ್ನನ್ನು ಬೈಯಲಿಲ್ಲ. ಅದು ಇನ್ನೂ ಮನಸ್ಸಿನಲ್ಲಿದೆ. ಅವತ್ತಿನಿಂದ ನಟ್ ಬಿಗಿಯುವ ಮೊದಲು ಮುಂದಿನ ತಟ್ಟೆಯನ್ನು ಕೈಯಿಂದ ಒತ್ತಿ, ತಟ್ಟೆಯ ಆಚೆ ಕ್ರ್ಯಾಂಕಿನ ಹಲ್ಲುಗಳು ಸರಿಯಾಗಿ ಕಾಣುತ್ತಿವೆಯಾ ಅಂತ ಟಾರ್ಚ್ ಬಿಟ್ಟು ನೋಡುತ್ತೇನೆ. ಆಮೇಲೆ ಟಾರ್ಕ್ ರೆಂಚ್.

ಇಂಜಿನ್ ಉಸಿರು

ಟ್ಯಾಪೆಟ್, ಅಂದರೆ ವಾಲ್ವ್ ಮೇಲೆ ಬಿಡುವ ಸಣ್ಣ ಸಂದು, ಚೆಕ್ ಮಾಡುವುದು ಇಂಜಿನ್ ಪೂರ್ತಿ ತಣ್ಣಗಿರುವಾಗ, ಬೆಳಿಗ್ಗೆ. ಬಿಗಿಯಾದ ಟ್ಯಾಪೆಟ್ ಸದ್ದು ಮಾಡುವುದಿಲ್ಲ, ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ. ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಶನ್ ಸೋರುತ್ತಿರುತ್ತದೆ.

ಕಂಪ್ರೆಶನ್ ಗೇಜ್ ಹಾಕಿ ನೋಡಿ. ಕಡಿಮೆ ತೋರಿಸಿದರೆ ಪ್ಲಗ್ ತೂತಿನಿಂದ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿ. ಏರಿದರೆ ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಕೂತಿಲ್ಲ. ರಿಂಗ್ ಸವೆದಿದ್ದರೆ ಮಾತ್ರ ಬೋರ್ ಮಾಡಿಸುವ ಮಾತು.

ಏರ್ ಫಿಲ್ಟರ್ ತೆಗೆದು ಓಡಿಸಿದರೆ ಪಿಕಪ್ ಬರುತ್ತದೆ ಅನ್ನುತ್ತಾರೆ. ಬರುವುದಿಲ್ಲ. ಗಾಳಿ ಜಾಸ್ತಿಯಾಗಿ, ಪೆಟ್ರೋಲ್ ಅಷ್ಟೇ ಇದ್ದು, ಇಂಜಿನ್ ಕಾಯುತ್ತದೆ. ಧೂಳು ಸಿಲಿಂಡರನ್ನು ತಿನ್ನುತ್ತದೆ. ಎಣ್ಣೆ ಸವರಿದ ಪೇಪರ್ ಫಿಲ್ಟರನ್ನು ಏರ್ ಹೊಡೆದು ಮತ್ತೆ ಬಳಸುವಂತಿಲ್ಲ, ಹೊಸದೇ ಹಾಕಬೇಕು. ನಮ್ಮ ಮಳೆಗಾಲ ಮುಗಿದ ಮೇಲಂತೂ ಒಮ್ಮೆ ತೆಗೆದು ನೋಡಲೇಬೇಕು.

ಕಾರ್ಬ್ಯುರೇಟರ್ ಸ್ವಚ್ಛ ಮಾಡಿ, ಒಂದು ಏರು ಹತ್ತಿಸಿ, ಅಲ್ಲೇ ನಿಲ್ಲಿಸಿ ಪ್ಲಗ್ ಬಿಚ್ಚಿ. ಕೈ ಸುಟ್ಟುಕೊಳ್ಳಬೇಡಿ. ತಿಳಿ ಕಂದು ಇದ್ದರೆ ಸರಿ. ಮಸಿ ಕಟ್ಟಿದ್ದರೆ ಪೆಟ್ರೋಲ್ ಜಾಸ್ತಿ, ಬಿಳಿಚಿಕೊಂಡಿದ್ದರೆ ಕಡಿಮೆ. ಆಗುಂಬೆ ಸಮುದ್ರ ಮಟ್ಟದಿಂದ 640 ಮೀಟರ್ ಆಸುಪಾಸು. ಕೆಳಗಿನಿಂದ ಮೇಲೆ ಬರುವಷ್ಟರಲ್ಲಿ ಗಾಳಿ ತೆಳುವಾಗಿ ನೂರಕ್ಕೆ ಐದಾರು ಪಾಲು ಬಲ ಹೋಗುತ್ತದೆ. ಅದಕ್ಕೆ ಮದ್ದಿಲ್ಲ.

2020ರಿಂದ ಬಂದ ಬಿಎಸ್6 (ಹೊಸ ಹೊಗೆ ನಿಯಮದ) ಸ್ಕೂಟರ್‌ಗಳಲ್ಲಿ ಕಾರ್ಬ್ಯುರೇಟರ್ ಇಲ್ಲ, ಇಂಜೆಕ್ಷನ್. ಅಲ್ಲಿ ಜೆಟ್ (ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ತುಂಡು) ಬದಲಿಸುವ ಪ್ರಶ್ನೆಯೇ ಬರುವುದಿಲ್ಲ. ಸೆನ್ಸರ್ ವೈರಿಗೆ ಏನೋ ಸಿಕ್ಕಿಸಿ ಮೋಸ ಮಾಡುವ ಡಬ್ಬಿಗಳನ್ನು ತಂದು ಹಾಕಿ ಅಂದರೆ ನಾನು ಒಪ್ಪುವುದಿಲ್ಲ. ಬೆಲ್ಟ್ ಮನೆಯ ಕೆಲಸ ಮಾತ್ರ ಅವಕ್ಕೂ ಇದೇ.

ಆದರೂ ಬೋರ್ ಬೇಕು ಅಂದರೆ

ಸವೆದ ಸಿಲಿಂಡರನ್ನು ಕಂಪನಿ ಓವರ್‌ಸೈಜ್ ಪಿಸ್ಟನ್‌ಗೆ ಬೋರ್ ಮಾಡಿಸುವುದು ರಿಪೇರಿ. ನಾನು ಶಿವಮೊಗ್ಗದ ಲೇತ್‌ಗೆ ಪಿಸ್ಟನ್ ಸಮೇತ ಕಳಿಸುತ್ತೇನೆ, ಪಿಸ್ಟನ್ ಅಳೆದೇ ಬೋರ್ ಆಗಬೇಕು. ವಾಪಸ್ ಬಂದ ಮೇಲೆ 500 ಕಿಲೋಮೀಟರ್ ಮೆತ್ತಗೆ ಓಡಿಸಿ ಆಯಿಲ್ ಬದಲಿಸಬೇಕು.

ದೊಡ್ಡ ಕಿಟ್ ಹಾಕಿ ಸಿಸಿ ಏರಿಸುವುದು ಬೇರೆ ವಿಷಯ. ಸಿಸಿ ಆರ್‌ಸಿಯಲ್ಲಿ ಬರೆದಿರುತ್ತದೆ. ಅದನ್ನು ಮೀರಿ ಬದಲಾವಣೆ ಮಾಡುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. 2019ರ ತಿದ್ದುಪಡಿಯ ಪ್ರಕಾರ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲೂ ಆಗಬಹುದು. ಅಪಘಾತ ಆದರೆ ಇನ್ಶೂರೆನ್ಸ್ ಕೈಕೊಡಬಹುದು. ಹಾಗೆಯೇ, ಕ್ರ್ಯಾಂಕ್ ಬೇರಿಂಗ್, ತಂಪು ಮಾಡುವ ಫ್ಯಾನ್, ಡ್ರಮ್ ಬ್ರೇಕ್, ಯಾವುದೂ ದೊಡ್ಡದಾಗಿರುವುದಿಲ್ಲ. ಅದೇ ಗಾಡಿ ಆ 14 ತಿರುವು ಇಳಿಯಲೂ ಬೇಕಲ್ವಾ?

ತಂಗಿ ಗಾಡಿಗೆ ನಾನು ಹಾಕಿದ್ದು ಒಂದು ಗ್ರಾಂ ಹಗುರದ ಆರು ರೋಲರ್, ಹೊಸ ಬೆಲ್ಟ್, ಹೊಸ ಫಿಲ್ಟರ್, ಪ್ಲಗ್. ಪಿನ್ನಿಗೆ ಗ್ರೀಸ್, ಟ್ಯಾಪೆಟ್, ಬ್ರೇಕ್. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದ್ದು, ಊಟದ ಹೊತ್ತಿಗೆ ಮುಗಿಯಿತು. ಭಾವ ಈಗ ಇಳಿಯುವುದಿಲ್ಲ. ಮೈಲೇಜ್ ಲೀಟರಿಗೆ ಒಂದೆರಡು ಕಿಲೋಮೀಟರ್ ಕಡಿಮೆಯಾಗಿದೆ ಅಂತ ಫೋನ್ ಮಾಡಿದ್ದಳು. ಹಗುರ ರೋಲರ್ ಹಾಕಿದರೆ ಅಷ್ಟು ಆಗಿಯೇ ಆಗುತ್ತದೆ, ಮೊದಲೇ ಹೇಳಿದ್ದೆ.

ನೀವು ಮಾಡಿದರೆ ನೂರು ಕಿಲೋಮೀಟರ್ ಆದ ಮೇಲೆ ಕವರ್ ಮತ್ತೊಮ್ಮೆ ಬಿಚ್ಚಿ, ಮುಂದಿನ ನಟ್ ಮೇಲೆ ಟಾರ್ಕ್ ರೆಂಚ್ ಇಟ್ಟು ನೋಡಿ. ಬಿಗಿಯುವಾಗಲೇ ನಟ್ ಮತ್ತು ತಟ್ಟೆಗೆ ಸೇರಿಸಿ ಬಿಳಿ ಪೇಂಟ್‌ನಲ್ಲಿ ಒಂದು ಗೆರೆ ಎಳೆದಿಟ್ಟಿದ್ದರೆ, ಅದು ಒಂದೇ ನೇರದಲ್ಲಿ ಇದೆಯಾ ಅಂತ ನೋಡಿದರೂ ಗೊತ್ತಾಗುತ್ತದೆ.