ಸ್ಟ್ರೋಕ್ ಆದ ಹಿರಿಯರು ವ್ಯಾಯಾಮ ಬಿಡದಂತೆ ನೋಡಿಕೊಳ್ಳುವುದು ಹೇಗೆ?

ಆಸ್ಪತ್ರೆಯಿಂದ ಮನೆಗೆ ಬಂದ ಹೊಸತರಲ್ಲಿ ಎಲ್ಲರಿಗೂ ಹುರುಪು. ಸ್ವಲ್ಪ ದಿನ ಕಳೆದ ಮೇಲೆ ಅಪ್ಪಯ್ಯ "ಸಾಕು ಮಾರಾಯ, ಇನ್ನೇನು ಆಗ್ಬೇಕು" ಎಂದು ಗೋಡೆ ಕಡೆ ತಿರುಗಿ ಮಲಗುತ್ತಾರೆ. ಬೈದು ಎಬ್ಬಿಸುವ ಮೊದಲು ಕಾರಣ ಹುಡುಕಿ. ಭುಜ ನೋಯುತ್ತಿರಬಹುದು. ಸ್ಟ್ರೋಕ್ ಆದ ಮೇಲೆ ಬೇಗ ಸುಸ್ತಾಗುವುದೂ ಸಹಜ. ಇನ್ನು, ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ. ಅದನ್ನು ಸೋಮಾರಿತನ ಅಂದುಕೊಳ್ಳಬೇಡಿ. ಅದಕ್ಕೆ ಚಿಕಿತ್ಸೆ ಇದೆ, ಡಾಕ್ಟರಿಗೆ ಹೇಳಿ.

ಆಮೇಲೆ ವ್ಯಾಯಾಮ ಯಾಕೆ ಬೇಕು ಅನ್ನುವುದನ್ನು ಅವರಿಗೇ ಬಿಡಿಸಿ ಹೇಳಿ. ಮೆದುಳಿನಲ್ಲಿ ಸತ್ತ ಭಾಗ ಮತ್ತೆ ಹುಟ್ಟುವುದಿಲ್ಲ. ಉಳಿದ ಭಾಗಗಳು ಆ ಕೆಲಸ ಕಲಿಯಬೇಕು. ಒಂದೇ ಕೆಲಸವನ್ನು ದಿನಾ ಹತ್ತಾರು ಸಲ ಮಾಡಿದರೆ ಮಾತ್ರ ಅವು ಕಲಿಯುತ್ತವೆ. ಮೊದಲ ಮೂರು ತಿಂಗಳು ಸುಧಾರಣೆ ಜಾಸ್ತಿ. ಆಮೇಲೆ ನಿಧಾನ, ಆದರೆ ನಿಲ್ಲುವುದಿಲ್ಲ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ, ಅವರು ಜೀವಮಾನವಿಡೀ ಮಾಡಿದ ಕೆಲಸವನ್ನೇ ವ್ಯಾಯಾಮ ಮಾಡುವುದು. ರಬ್ಬರ್ ಚೆಂಡು ಹಿಸುಕಲು ಒಪ್ಪದವರು ಅಡಿಕೆ ಆರಿಸಲು ಕೂರುತ್ತಾರೆ. ಮೊರದಲ್ಲಿ ಒಂದಿಷ್ಟು ಒಣ ಅಡಿಕೆ ಹಾಕಿ, ಪಕ್ಕದಲ್ಲಿ ಬಟ್ಟಲಿಡಿ. ಸ್ವಾಧೀನ ತಪ್ಪಿದ ಕೈಯಲ್ಲೇ ಒಂದೊಂದಾಗಿ ಎತ್ತಿ ಬಟ್ಟಲಿಗೆ ಹಾಕಲಿ. ಶುರುವಿನಲ್ಲಿ ಐದೂ ಬೆರಳು ಬಳಸಲಿ, ಬರುಬರುತ್ತಾ ಹೆಬ್ಬೆರಳು, ತೋರುಬೆರಳು ಎರಡೇ ಸಾಕು. ಹಿಡಿತ ಬಂದಂತೆ ಬಟ್ಟಲನ್ನು ದೂರ ಸರಿಸಿ. ನುಂಗಲು ಕಷ್ಟ ಇರುವವರಾದರೆ ಅಡಿಕೆ ಬಾಯಿಗೆ ಹೋಗದಂತೆ ಹತ್ತಿರವೇ ಇರಿ. ಅಜ್ಜಿಗಾದರೆ ಅವರೆಕಾಯಿ ಬಿಡಿಸುವುದು, ಹೂ ಕಟ್ಟುವುದು.

ಅಂಗಿ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಬೇಕಾದರೂ ಕಾಯಿರಿ. ಪ್ರೀತಿಯಿಂದ ನೀವೇ ಹಾಕಿಬಿಟ್ಟರೆ ಆ ಕೈಗೆ ಕೆಲಸ ಎಲ್ಲಿ?

ಹೊತ್ತು ಗೊತ್ತು ಮಾಡಿ. ಬೆಳಗಿನ ಕಾಫಿಗೆ ಮೊದಲು ಕುರ್ಚಿಯಿಂದ ಐದು ಸಲ ಎದ್ದು ಕೂರುವುದು, ಹೀಗೆ. ಮಾಡಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಅವರೇ ಗುರುತು ಹಾಕಲಿ. ಸುಮ್ನೆ "ಗುಡ್" ಅನ್ನಬೇಡಿ. "ನಿನ್ನೆ ಹೊಸ್ತಿಲು ದಾಟುವಾಗ ಗೋಡೆ ಹಿಡಿದಿದ್ರಿ, ಇವತ್ತು ಹಿಡೀಲಿಲ್ಲ ಅಲ್ವಾ" ಅನ್ನಿ.

ಮಳೆಗಾಲದಲ್ಲಿ ಅಂಗಳ ಪಾಚಿ ಕಟ್ಟುತ್ತದೆ. ನಡಿಗೆ ಜಗಲಿಯಲ್ಲೇ ಆಗಲಿ. ನೀವು ಬಲವಿಲ್ಲದ ಬದಿಗೆ ನಿಂತು ಸೊಂಟಕ್ಕೆ ಆಸರೆ ಕೊಡಿ. ಕೈ ಹಿಡಿದು ಜಗ್ಗಬೇಡಿ, ಭುಜದ ಕೀಲು ಜಾರುತ್ತದೆ. ಬಚ್ಚಲಿನ ಗೋಡೆಗೆ ಹಿಡಿಕೆ ಹಾಕಿಸಿ.

ಹೊಸನಗರ, ತೀರ್ಥಹಳ್ಳಿಯ ಒಳ ಹಳ್ಳಿಗಳಿಂದ ಶಿವಮೊಗ್ಗಕ್ಕೆ ಪದೇ ಪದೇ ಹೋಗುವುದು ಕಷ್ಟ. ಹೋದಾಗ ಫಿಸಿಯೋಥೆರಪಿಸ್ಟ್ ಒಪ್ಪಿಗೆ ಪಡೆದು, ಅವರು ಮಾಡಿಸುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ.

ಎದೆನೋವು, ತಲೆಸುತ್ತು, ಉಸಿರುಗಟ್ಟಿದಂತೆ ಆದರೆ ತಕ್ಷಣ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ. ಬಾಯಿ ಸೊಟ್ಟಗಾದರೆ, ಮಾತು ತೊದಲಿದರೆ, ಕೈಕಾಲಿನ ಬಲ ಇನ್ನಷ್ಟು ಕುಸಿದರೆ ಮತ್ತೆ ಸ್ಟ್ರೋಕ್ ಆಗಿರಬಹುದು, 108ಕ್ಕೆ ಫೋನ್ ಮಾಡಿ. ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಈ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಸಿಗಬೇಕು. ನಮ್ಮ ರಸ್ತೆಗಳಲ್ಲಿ ದಾರಿಗೇ ಎಷ್ಟೋ ಹೊತ್ತು ಹೋಗುತ್ತದೆ. ಬೆಳಗಾಗಲಿ ಎಂದು ಕಾಯಬೇಡಿ.