ಒಂದು ಕಣ್ಣಿನ ಕಾಯಿಲೆಗೆ ಹತ್ತು ಹೆಸರು: ಪದಪಟ್ಟಿ ಮಾಡುವುದು ಹೇಗೆ?

ನಮ್ಮ ದೊಡ್ಡಮ್ಮನ ಚೀಟಿಯಲ್ಲಿ ‘ಡ್ರೈ ಎಎಂಡಿ’ ಎಂದು ಬರೆದಿತ್ತು. ಅವರು ಯಾರಿಂದಲೋ ಅದನ್ನು ಓದಿಸಿಕೊಂಡು, ಕಣ್ಣು ಒಣಗದಂತೆ ಹಾಕುವ ಹನಿ ತರಿಸಿ, ಮೂರು ತಿಂಗಳು ತಪ್ಪದೆ ಹಾಕಿಕೊಂಡರು. ಡ್ರೈ ಎಂದರೆ ಒಣಗಿದ್ದು, ಒಣಗಿದ್ದಕ್ಕೆ ಹನಿ. ಅವರ ಲೆಕ್ಕ ಸರಿಯಾಗಿಯೇ ಇದೆ, ಅಲ್ವಾ? ಎಡವಿದ್ದು ಹೆಸರು.

ಎಎಂಡಿ ಅಂದರೆ ಏಜ್ ರಿಲೇಟೆಡ್ ಮ್ಯಾಕ್ಯುಲರ್ ಡಿಜನರೇಶನ್. ಕಣ್ಣಿನ ಹಿಂಬದಿಯ ರೆಟಿನಾದ ನಟ್ಟನಡುವೆ ಮ್ಯಾಕ್ಯುಲಾ ಎಂಬ ಪುಟ್ಟ ಜಾಗವಿದೆ. ಓದುವುದು, ಮುಖ ಗುರುತಿಸುವುದು ಎಲ್ಲ ಅದರ ಕೆಲಸ. ವಯಸ್ಸಾದಂತೆ ಅದು ಸವೆಯುವುದೇ ಈ ಕಾಯಿಲೆ. ಕಣ್ಣೀರಿಗೂ ಇದಕ್ಕೂ ಸಂಬಂಧವಿಲ್ಲ.

ಇಂಥ ಕಾಯಿಲೆಯ ಬಗ್ಗೆ ಕೈಪಿಡಿ ಬರೆಯುವವರು, ಅನುವಾದ ಮಾಡುವವರು, ರೋಗಿಗಳಿಗೆ ವಿವರಿಸುವವರು ಮೊದಲು ಒಂದು ಪದಪಟ್ಟಿ ಮಾಡಿಕೊಳ್ಳಬೇಕು. ಯಾವುದಕ್ಕೆ ಯಾವ ಹೆಸರು ಎಂಬ ಜಗಳವನ್ನು ಕಣ್ಣಿನ ತಜ್ಞರೇ ದಶಕಗಳ ಕಾಲ ಆಡಿದ್ದಾರೆ. ಅವರು ಹೋದ ದಾರಿಯಲ್ಲೇ ಹೋದರೆ ನಮ್ಮ ಕೆಲಸ ಅರ್ಧ ಮುಗಿದಂತೆ.

ಮೊದಲು ಗುಡ್ಡೆ ಹಾಕಿ

ಸಿಕ್ಕ ಹೆಸರನ್ನೆಲ್ಲ ಒಂದೆಡೆ ಸೇರಿಸಿ. ಸರಿ ತಪ್ಪು ಈಗಲೇ ನೋಡಬೇಡಿ. ಪ್ರತಿ ಹೆಸರಿನ ಪಕ್ಕದಲ್ಲಿ ಅದು ಯಾವ ಕಾಲದ್ದು, ಯಾವ ಉಪಕರಣದಲ್ಲಿ ನೋಡಿ ಇಟ್ಟದ್ದು ಎಂದು ಬರೆಯಿರಿ. 1874ರಲ್ಲಿ ಹಚಿನ್ಸನ್ ಮತ್ತು ಟೇ ಎಂಬ ವೈದ್ಯರು ವಯಸ್ಸಾದವರ ಕಣ್ಣಲ್ಲಿ ಈ ತೊಂದರೆಯನ್ನು ವಿವರಿಸಿದರು. ಆಮೇಲೆ ‘ಸೆನೈಲ್’ ಮ್ಯಾಕ್ಯುಲರ್ ಡಿಜನರೇಶನ್ ಎಂಬ ಹೆಸರು ಬಹಳ ಕಾಲ ಓಡಿತು. ‘ಮುದಿ’ ಎಂಬ ವಾಸನೆ ಹೊಡೆಯುವ ಆ ಪದ ಹೋಗಿ ‘ವಯಸ್ಸಿಗೆ ಸಂಬಂಧಿಸಿದ’ ಎಂಬುದು ಬಂತು. 1995ರಲ್ಲಿ ಅಂತರರಾಷ್ಟ್ರೀಯ ತಂಡವೊಂದು ಶುರುವಿನ ಹಂತಕ್ಕೆ ‘ಮ್ಯಾಕ್ಯುಲೋಪತಿ’, ಕೊನೆಯ ಹಂತಕ್ಕೆ ಮಾತ್ರ ‘ಡಿಜನರೇಶನ್’ ಎಂದು ಹಂಚಿಕೊಟ್ಟಿತು. ಅಮೆರಿಕದ ಏರೆಡ್ಸ್ ಅಧ್ಯಯನ ಎಲ್ಲಕ್ಕೂ ಎಎಂಡಿ ಎಂದೇ ಹೇಳಿ 1ರಿಂದ 4ರವರೆಗೆ ವರ್ಗ ಮಾಡಿಕೊಂಡಿತು. ಒಂದೇ ಕಣ್ಣಿಗೆ ಒಂದು ಕಡೆ ‘ಮ್ಯಾಕ್ಯುಲೋಪತಿ’, ಇನ್ನೊಂದು ಕಡೆ ‘ವರ್ಗ 3’. ಹಳೆಯ ವರದಿ ಹಿಡಿದು ಬಂದವರಿಗೆ ತಲೆ ಕೆಡದೆ ಇನ್ನೇನಾಗುತ್ತೆ?

ಹೆಸರು ಏನನ್ನು ಹೇಳುತ್ತಿದೆ?

ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇರುವುದು ಇಲ್ಲೇ. ಕೆಲವು ಹೆಸರು ಕಂಡದ್ದನ್ನು ಹೇಳುತ್ತವೆ, ಕೆಲವು ಕಾರಣ ಹೇಳುತ್ತವೆ, ಕೆಲವು ಜಾಗ ತೋರಿಸುತ್ತವೆ. ಕಂಡದ್ದನ್ನು ಹೇಳುವ ಹೆಸರು ಬಾಳಿಕೆ ಬರುತ್ತದೆ. ಊಹೆಯ ಮೇಲೆ ನಿಂತದ್ದು ಹೊಸ ಯಂತ್ರ ಬಂದ ದಿನ ಬೀಳುತ್ತದೆ.

ಒಂದು ಉದಾಹರಣೆ ನೋಡಿ. ಈ ಕಾಯಿಲೆಯ ಒಂದು ಬಗೆಯಲ್ಲಿ ಬೇಡದ ಕಡೆ ಹೊಸ ರಕ್ತನಾಳ ಹುಟ್ಟಿ, ದ್ರವ ಅಥವಾ ರಕ್ತ ಸೋರುತ್ತದೆ. ಅದಕ್ಕೆ ವರ್ಷಗಟ್ಟಲೆ ‘ಕೊರಾಯ್ಡಲ್ ನಿಯೋವ್ಯಾಸ್ಕ್ಯುಲರೈಸೇಶನ್’ ಎನ್ನುತ್ತಿದ್ದರು. ರೆಟಿನಾದ ಕೆಳಗಿನ ಕೊರಾಯ್ಡ್ ಪದರದಿಂದ ನಾಳ ಬರುತ್ತದೆ ಎಂದು ಅದರ ಅರ್ಥ. ಇಂಥ ನಾಳಗಳಲ್ಲಿ ಮೂರು ಬಗೆ. ಟೈಪ್ 1, ಟೈಪ್ 2ಕ್ಕೆ ಆ ಹೆಸರು ಸರಿಹೋಯಿತು. ಆದರೆ ಟೈಪ್ 3ರಲ್ಲಿ ನಾಳ ಹುಟ್ಟುವುದು ರೆಟಿನಾದ ಒಳಗೇ! ಹಾಗಾಗಿ 2020ರಲ್ಲಿ ತಜ್ಞರ ಒಮ್ಮತದ ಗುಂಪೊಂದು ‘ಮ್ಯಾಕ್ಯುಲರ್ ನಿಯೋವ್ಯಾಸ್ಕ್ಯುಲರೈಸೇಶನ್’ ಎಂಬ ಹೆಸರನ್ನು ಸೂಚಿಸಿತು. ಚುಟುಕಾಗಿ ಹೇಳಿದರೆ ಸಿಎನ್‌ವಿ ಹೋಗಿ ಎಂಎನ್‌ವಿ ಬಂತು. ಬದಲಾದದ್ದು ಒಂದೇ ಅಕ್ಷರ, ಆದರೆ ನಾಳ ಎಲ್ಲಿಂದ ಬಂತು ಎಂಬ ಹಟ ಬಿಟ್ಟು ಎಲ್ಲಿ ಕಂಡಿತು ಎಂಬುದಕ್ಕೆ ನಿಂತರು.

ಹೀಗೆ ಸೋರುವ ಬಗೆಗೆ ವೆಟ್ (ಒದ್ದೆ), ಉಳಿದದ್ದಕ್ಕೆ ಡ್ರೈ ಎನ್ನುವ ಜೋಡಿಯ ಮೇಲೂ ನನಗೆ ಇದೇ ತಕರಾರು. ಡ್ರೈ ಅಂದರೆ ಸಣ್ಣದು, ವೆಟ್ ಅಂದರೆ ದೊಡ್ಡದು ಎಂದು ಜನ ತಿಳಿಯುತ್ತಾರೆ. ಆದರೆ ‘ಜಿಯೋಗ್ರಾಫಿಕ್ ಅಟ್ರೋಫಿ’ ಎಂಬುದು ಡ್ರೈ ಗುಂಪಿನದ್ದೇ ಆದರೂ ಕೊನೆಯ ಹಂತ. ಅಲ್ಲಿ ಜೀವಕೋಶಗಳು ತೇಪೆ ತೇಪೆಯಾಗಿ ಸತ್ತಿರುತ್ತವೆ. ಇನ್ನು ಹೊಸ ನಾಳ ಹುಟ್ಟಿಯೂ ಏನೂ ಸೋರದ ಕಣ್ಣುಗಳಿವೆ. ಅವನ್ನು ಡ್ರೈ ಅನ್ನೋಣವೇ, ವೆಟ್ ಅನ್ನೋಣವೇ? ಪಟ್ಟಿಯಲ್ಲಿ ‘ಹೊಸ ನಾಳವಿರುವ’, ‘ಹೊಸ ನಾಳವಿಲ್ಲದ’ ಎಂದು ಬರೆದು, ಪಕ್ಕದಲ್ಲಿ ಹಂತವನ್ನು ಬೇರೆಯಾಗಿ ಬರೆಯುವುದು ಕ್ಷೇಮ.

ಅಳತೆ ಕಟ್ಟಿ

‘ದೊಡ್ಡ’, ‘ಚಿಕ್ಕ’ ಎಂದು ಬರೆದು ಸುಮ್ನೆ ಬಿಟ್ಟರೆ ಆಗದು. ರೆಟಿನಾದ ಅಡಿಯಲ್ಲಿ ಶೇಖರವಾಗುವ ಹಳದಿ ಕಲೆಗಳಿಗೆ ಡ್ರೂಸೆನ್ ಎನ್ನುತ್ತಾರೆ. ಇದು ಜರ್ಮನ್ ಪದ. ಬಂಡೆಯ ಪೊಳ್ಳಿನೊಳಗೆ ಹರಳು ಕಟ್ಟಿದ್ದಕ್ಕೆ ಗಣಿಗಾರರು ಹೇಳುತ್ತಿದ್ದದ್ದು. 2013ರಲ್ಲಿ ಬೆಕ್‌ಮನ್ ತಂಡ ಎಂಬ ತಜ್ಞರ ಗುಂಪು 55 ವರ್ಷ ದಾಟಿದವರಿಗೆ ಹೀಗೆ ಗೆರೆ ಎಳೆಯಿತು: 63 ಮೈಕ್ರಾನಿಗಿಂತ (ಒಂದು ಮಿಲಿಮೀಟರಿನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಚಿಕ್ಕದು ಡ್ರೂಪ್ಲೆಟ್, ಅಷ್ಟೇ ಇದ್ದರೆ ಅದು ವಯಸ್ಸಿನ ಸಹಜ ಬದಲಾವಣೆ, ಕಾಯಿಲೆಯಲ್ಲ. 63ರಿಂದ 125ರವರೆಗಿನ ಡ್ರೂಸೆನ್ ಇದ್ದು ರೆಟಿನಾದ ಬಣ್ಣದಲ್ಲಿ ಏರುಪೇರು ಇಲ್ಲದಿದ್ದರೆ ಆರಂಭದ ಹಂತ. 125 ದಾಟಿದರೆ, ಅಥವಾ 63 ಮುಟ್ಟಿದ ಡ್ರೂಸೆನ್ ಜೊತೆ ಬಣ್ಣದ ಏರುಪೇರು ಕಂಡರೆ ಮಧ್ಯದ ಹಂತ. ಹೊಸ ನಾಳವೋ ಜಿಯೋಗ್ರಾಫಿಕ್ ಅಟ್ರೋಫಿಯೋ ಬಂದರೆ ಕೊನೆಯದು.

ಮೈಕ್ರಾನ್ ಅಳೆಯಲು ಕಣ್ಣೊಳಗೆ ಸ್ಕೇಲ್ ಇಡಲಾಗುತ್ತದೆಯೇ? ಅದಕ್ಕೂ ಉಪಾಯವಿದೆ. ದೃಷ್ಟಿನರ ಹೊರಡುವ ತಟ್ಟೆಯಂಥ ಜಾಗದ ಅಂಚಿನಲ್ಲಿ ದೊಡ್ಡ ಅಭಿಧಮನಿಯ ಅಗಲ ಹೆಚ್ಚು ಕಡಿಮೆ 125 ಮೈಕ್ರಾನ್. ಕಲೆ ಅದಕ್ಕಿಂತ ಅಗಲವಿದೆಯೇ ಎಂದು ಹೋಲಿಸಿದರೆ ಸಾಕು. ಒಳ್ಳೆಯ ಪದಪಟ್ಟಿಯಲ್ಲಿ ಇಂಥ ಕೈಗೆಟಕುವ ಗುರುತು ಇರಬೇಕು.

ಈ ಗೆರೆಗಳು ಮನಸ್ಸಿಗೆ ಬಂದಂತೆ ಎಳೆದವಲ್ಲ. ಸಹಜ ಬದಲಾವಣೆ ಇರುವವರಲ್ಲಿ ಐದು ವರ್ಷದಲ್ಲಿ ಕೊನೆಯ ಹಂತ ಮುಟ್ಟುವ ಸಾಧ್ಯತೆ ಶೇ 0.5ರಷ್ಟಾದರೆ, ಮಧ್ಯದ ಹಂತದಲ್ಲೇ ಅತಿ ಹೆಚ್ಚು ಅಪಾಯವಿರುವವರಲ್ಲಿ ಅದು ಶೇ 50ರಷ್ಟು ಎಂಬ ಅಂದಾಜು ಆ ತಂಡದ್ದು. ಹೆಸರು ಬದಲಾದರೆ ಮುಂದಿನ ತಪಾಸಣೆಯ ದಿನವೂ ಬದಲಾಗುತ್ತದೆ.

ಒಪ್ಪಿಗೆ, ಪರೀಕ್ಷೆ

ಸಭೆ ಕರೆದರೆ ದೊಡ್ಡ ಗಂಟಲಿನವರು ಗೆಲ್ಲುತ್ತಾರೆ. ಬೆಕ್‌ಮನ್ ತಂಡದಲ್ಲಿ 26 ಎಎಂಡಿ ತಜ್ಞರಿದ್ದರು, ಬಳಸಿದ್ದು ಡೆಲ್ಫಿ ವಿಧಾನದ ಒಂದು ರೂಪ. ಡೆಲ್ಫಿಯ ಮೂಲ ಪದ್ಧತಿ ಸರಳ: ಪ್ರತಿಯೊಬ್ಬರೂ ಹೆಸರು ಹೇಳದೆ ಅಭಿಪ್ರಾಯ ಬರೆಯಬೇಕು, ಒಟ್ಟು ಫಲ ನೋಡಬೇಕು, ಮತ್ತೆ ಬರೆಯಬೇಕು. ನಾಲ್ಕೈದು ಜನರ ಗುಂಪಿನಲ್ಲೂ ಚೀಟಿ ಹಾಕಿ ಹೀಗೆ ಮಾಡಬಹುದು.

ಆಮೇಲೆ ರೆಟಿನಾ ಫೋಟೊಗಳ ಒಂದೇ ಕಟ್ಟನ್ನು ಇಬ್ಬರಿಗೆ ಬೇರೆ ಬೇರೆ ಕೊಟ್ಟು ಹೆಸರು ಬರೆಸಿ. ಎಷ್ಟು ಹೊಂದಿತು ಎಂದು ಶೇಕಡಾದಲ್ಲಿ ಹೇಳಿ ಬೀಗಬೇಡಿ. ನೂರರಲ್ಲಿ ತೊಂಬತ್ತು ಫೋಟೊ ಸಹಜದವೇ ಆಗಿದ್ದರೆ, ಕಣ್ಣು ಮುಚ್ಚಿ ‘ಸಹಜ’ ಎಂದು ಬರೆದವರೂ ತೊಂಬತ್ತು ಅಂಕ ತೆಗೆಯುತ್ತಾರೆ. ಅದಕ್ಕೇ ಕಾಕತಾಳೀಯವನ್ನು ಕಳೆದು ಲೆಕ್ಕ ಹಾಕುವ ‘ಕಪ್ಪಾ’ ಎಂಬ ಅಂಕಿ ಇದೆ. ಜಗಳ ಬಂದ ಫೋಟೊಗಳೇ ಯಾವ ವಿವರಣೆ ಸಡಿಲವಾಗಿದೆ ಎಂದು ತೋರಿಸುತ್ತವೆ.

ಹಳೆಯ ಹೆಸರನ್ನು ಅಳಿಸಬೇಡಿ. ಹಳತಕ್ಕೆ ಎದುರಾಗಿ ಹೊಸತು ಬರೆಯಿರಿ, ಪಟ್ಟಿಯ ತಾರೀಖು ಹಾಕಿ. ಹಳೆಯ ಫೈಲುಗಳು ಬೀರುವಿನಲ್ಲಿ ಇದ್ದೇ ಇರುತ್ತವಲ್ಲ.

ಕನ್ನಡಕ್ಕೆ ತರುವಾಗ

ಇಲ್ಲಿ ಗುಂಡಿಗಳು ಜಾಸ್ತಿ. ಪಠ್ಯಪುಸ್ತಕದ ರೂಢಿಯಲ್ಲಿ ಮ್ಯಾಕ್ಯುಲಾ ಎಂದರೆ ‘ಹಳದಿ ಚುಕ್ಕೆ’. ಡ್ರೂಸೆನ್ ಕೂಡ ನೋಡಲು ಹಳದಿ ಚುಕ್ಕೆಯೇ! ಎರಡಕ್ಕೂ ಅದನ್ನೇ ಬರೆದರೆ ‘ಹಳದಿ ಚುಕ್ಕೆಯಲ್ಲಿ ಹಳದಿ ಚುಕ್ಕೆ’ ಎಂಬ ವಾಕ್ಯ ಬರುತ್ತದೆ. ಮ್ಯಾಕ್ಯುಲಾ, ಡ್ರೂಸೆನ್ ಎಂದೇ ಬಿಡುವುದು ಲೇಸು. ಡಿಜನರೇಶನ್‌ಗೆ ‘ಅವನತಿ’ ಎಂದರೆ ಸಾಮ್ರಾಜ್ಯ ಮುಳುಗಿದಂತೆ ಕೇಳುತ್ತದೆ, ‘ಸವೆತ’ ಸಾಕು. ‘ಪೊರೆ’ ಎಂಬ ಪದ ಎಲ್ಲೂ ನುಸುಳದಿರಲಿ, ಅದು ಕ್ಯಾಟರಾಕ್ಟ್‌ನ ಆಸ್ತಿ. ಪೊರೆ ಎಂದು ಕೇಳಿದವರು ಆಪರೇಷನ್ ಯಾವಾಗ ಎಂದು ಕೇಳುತ್ತಾರೆ.

ಕೊನೆಗೆ ಪಟ್ಟಿಯನ್ನು ವೈದ್ಯಕೀಯ ಗೊತ್ತಿಲ್ಲದವರಿಗೆ ಓದಿ ಹೇಳಿ, ಅವರ ಮಾತಲ್ಲಿ ವಾಪಸ್ ಹೇಳಿಸಿ. ನಾನು ‘ಮ್ಯಾಕ್ಯುಲಾ ಸವೆತ, ಮಧ್ಯದ ಹಂತ, ಹೊಸ ನಾಳ ಇಲ್ಲ’ ಎಂದು ಬರೆದು ದೊಡ್ಡಮ್ಮನಿಗೆ ಓದಿ ಹೇಳಿದೆ. ಒಂದು ಗಳಿಗೆ ಸುಮ್ಮನಿದ್ದು ಕೇಳಿದರು: “ಅಂದ್ರೆ ಒಳಗಡೆ ಸವೆದಿದೆ. ಹಾಗಿದ್ರೆ ಆ ಹನಿ ಎಲ್ಲಿಗೆ ಹೋಗ್ತಿತ್ತೋ?”